ಮಗ್ಗ ನಿಂತಾಗ

ಸೋಲಾಪುರದ ಅಕ್ಕಲಕೋಟ ರೋಡಿನ ಕಾರಖಾನಿಯೊಳಗ
ಇಪ್ಪತ್ತನಾಕು ಮಗ್ಗ. ಎಂಟು ನನ್ನವು.
ನನ್ನವು ಅಂದರ, ನೋಡಿಕೊಳ್ಳೂದಷ್ಟ ನನ್ನದು;
ಮಗ್ಗ ಸೇಠಜೀದು,
ಸಪ್ಪಳ ಎಲ್ಲಾರದೂ.

ಇಪ್ಪತ್ತೆರಡು ವರ್ಷಾತು.
ಟಾವೆಲ್ಲಿನ ಮ್ಯಾಲ ನವಿಲು ನೇಯತೀನಿ,
ನಾ ಎಂದೂ ಮಲಗದ ಹೋಟೆಲಿನ ಹೆಸರು ನೇಯತೀನಿ.
ಇಲ್ಲಿ ಬಾಯಿಗಿಂತ ಮೊದಲ ಕೈ ಏಳತದ:
ಎರಡು ಬೆರಳು ತುಟಿಗಿ ಹಚ್ಚಿದರ ಬೀಡಿ,
ಕಿವಿ ಹಿಡಕೊಂಡರ ಮಾಲಕ ಬಂದ,
ಅಂಗೈ ಬೋರಲ ಹಾಕಿದರ
ನೂಲು ಮುಗೀತು, ನಿಲ್ಲಸು.
ಅಂಬಯ್ಯಗ ಕನ್ನಡ ಬರೂದಿಲ್ಲ, ನನಗ ತೆಲುಗು ಅರ್ಧಾ.
ಆದರೂ ಅವನ ಹೆಂಡತಿಗಿ ಏಳನೇ ತಿಂಗಳಕ್ಕ ನೋವು ಬಂದದ್ದು
ಅವ ಹೇಳೂಕಿಂತ ಮೊದಲ ನನಗ ತಿಳಿದಿತ್ತು.
ಲಾಳಿ ಬದಲಿಸುವಾಗ
ಅವನ ಗದ್ದ ನಡುಗಿದ್ದು ನೋಡಿದ್ದೆ.

ಗುರುವಾರ ಮಧ್ಯಾಹ್ನ ತನುಜಾ ಫೋನ್ ಮಾಡಿದಳು.
ಒಂದು ಕಿವಿಗಿ ಬೆರಳು ತುರುಕಿ, ಇನ್ನೊಂದಕ್ಕ ಫೋನ್ ಒತ್ತಿ
ಆಕಿ ಅರ್ಧಾ ಹೇಳೂದರಾಗ ಸುರು ಮಾಡಿದೆ:
“ಎಷ್ಟು ಸಲ ಹೇಳಬೇಕು ನಿನಗ?
ತಲೀ ಅದನೋ ಇಲ್ಲೋ?
ನಿಮ್ಮವ್ವನಂಗ ನೀನೂ...”

ಕರೆಂಟು ಹೋತು.

ಇಪ್ಪತ್ತನಾಕು ಮಗ್ಗ ಒಮ್ಮಿಗೇ ಉಸಿರು ಬಿಟ್ಟವು.
‘ನಿಮ್ಮವ್ವನಂಗ ನೀನೂ’ ಅನ್ನೂದೊಂದು
ಪತ್ರಾಕ್ಕ ಬಡದು, ಗ್ವಾಡಿಗಿ ಬಡದು ತಿರುಗಿ ಬಂತು.
ಎಲ್ಲಾರೂ ಹೊರಳಿ ನೋಡಿದರು.
ಯಾರದಪಾ ಈ ದನಿ ಅಂತ
ನಾನೂ ಹೊರಳಿ ನೋಡಿದೆ.

ಎಣ್ಣಿ ಹನಿ ಬೀಳೂದು ಕೇಳಿತು.
ಪತ್ರಾದ ಮ್ಯಾಲ ಪಾರಿವಾಳದ ಉಗುರು ಕೇಳಿದವು.
ಫೋನಿನೊಳಗಿಂದ ಮಗಳು “ಹೂಂ ಅಪ್ಪಾ” ಅಂದಳು.
ಆ ಹೂಂ ಒಳಗ ಸಿಟ್ಟಿರಲಿಲ್ಲ.
ಸಿಟ್ಟಿದ್ದರ ಬೇಷಿತ್ತು.
ರೂಢಿ ಇತ್ತು.

ಹನ್ನೊಂದು ನಿಮಿಷ ಕರೆಂಟಿರಲಿಲ್ಲ.
ಕಟ್ಟಿ ಮ್ಯಾಲ ಕುಂತು ಲೆಕ್ಕಾ ಹಾಕಿದೆ.
ಏನೂ ಕೇಳದ ಈ ಜಾಗಾದಾಗ
ಮಾರಿ ನೋಡದ ಒಂದು ಮಾತೂ ಆಡೂದಿಲ್ಲ ನಾ.
ಎಲ್ಲಾ ಕೇಳೂ ಆ ಮನಿಯೊಳಗ
ಚಪ್ಪಲಿ ಬಿಟ್ಟಂಗ ಬಾಗಲದಾಗ ಮಾತು ಬಿಡತೀನಿ,
ಒಂದು ಇತ್ತ ಬೀಳತದ, ಒಂದು ಅತ್ತ,
ಯಾರ ಕಾಲಿಗಿ ಎಡವತದೋ.

ಹೊಕ್ಕಿನ ಎಳಿ ಹರಿದರ ಮಗ್ಗ ತಾನ ನಿಲ್ಲತದ.
ಒಂದು ಸಣ್ಣ ಮುಳ್ಳು ಅದಕ್ಕಂತ ಕಾಯಕೊಂಡಿರತದ,
ಎಳಿ ಅದನೋ ಇಲ್ಲೋ ಅಂತ
ಮತ್ತ ಮತ್ತ ಮುಟ್ಟಿ ನೋಡತದ.
ಇಪ್ಪತ್ತೆರಡು ವರ್ಷ ಆ ಮುಳ್ಳಿಗಿ ಎಣ್ಣಿ ಹಾಕೀನಿ.
ನನ್ನೊಳಗ ಎಲ್ಲಿ ಅದ ಅದು?
ಹರಿದ ಎಳಿ ಮ್ಯಾಲ
ಎಷ್ಟು ಮೊಳ ನೇಯಕೋತ ಬಂದೀನೋ.

ಸಂಜೀಕ ಮನೀಗಿ ಹೋದೆ.
ಸುಗಲಾ ರೊಟ್ಟಿ ಬಡೀತಿದ್ದಳು.
ಬಡಿಯೂದು ನಿಲ್ಲೂತನಕ ಬಾಗಲದಾಗ ಕಾದೆ.
ಆಕಿ ಹೊರಳಿದ ಮ್ಯಾಲ
ಸಣ್ಣ ದನೀಲೆ ಕೇಳಿದೆ, “ನೀರು ಬಂದಿತ್ತೇನು ಇವತ್ತ?”
ಆಕಿ ಹಿಟ್ಟಿನ ಕೈ ಸೀರಿಗಿ ಒರಸಿಕೊಂಡು
ನನ್ನ ಹಣಿ ಮುಟ್ಟಿ ನೋಡಿದಳು.
“ಜ್ವರಾ ಏನಿಲ್ಲಲ್ಲ?”

“ಮಧ್ಯಾಹ್ನ ಏನು ಹೇಳಾಕ ಫೋನ್ ಮಾಡಿದ್ದಿ?”
ತನುಜಾ ಪುಸ್ತಕದಿಂದ ತಲಿ ಎತ್ತಲಿಲ್ಲ.
“ಬಿಡು ಅಪ್ಪಾ. ಅದು ಆತು.”
ಏನು ಆತು ಅಂಬೂದು
ಇವತ್ತಿಗೂ ನನಗ ಗೊತ್ತಾಗಿಲ್ಲ.

ಬದಲಾದೆ ಅಂತ ಹೇಳಾಕ ಹೊಂಟಿಲ್ಲ ನಾ.
ಮರುದಿನ ಮುಂಜಾನೆ ಬಚ್ಚಲದಾಗ ಟಾವೆಲ್ ಇರಲಿಲ್ಲ.
ಟಾವೆಲ್ ನೇಯಾಂವನ ಮನ್ಯಾಗ!
ಗ್ವಾಡಿ ಅದುರೂವಂಗ ಸುರು ಮಾಡಿದೆ:
“ಈ ಮನ್ಯಾಗ ಒಬ್ಬರಿಗರೇ... ನಿಮ್ಮವ್ವನಂ...”

ನಾಲಿಗಿ ಎಂಥಾದೋ ಸಣ್ಣದಕ್ಕ ತಾಗಿ ನಿಂತಿತು.

ಕನ್ನಡಿ ಮುಂದ ಜಡಿ ಹಾಕೋತ ನಿಂತಿದ್ದ ತನುಜಾ
ತಿರುಗಲಿಲ್ಲ, ಕನ್ನಡಿಯೊಳಗಿಂದ ನನ್ನ ನೋಡಿದಳು.
ಬಾಯಾಗ ರಿಬ್ಬನ್ನು ಕಚ್ಚಿ ಹಿಡಿದಿದ್ದಳು.
ಒಂದು ಕೈ ಬಿಡಿಸಿ
ಅಂಗೈ ಬೋರಲ ಹಾಕಿ ತೋರಿಸಿದಳು.

ಸಣ್ಣಾಕಿ ಇದ್ದಾಗ
ನಾನ ಕಲಿಸಿದ್ದೆ ಅದನ್ನ.